ಹಾಸ್ಟೆಲಿಗೆ ಹೊರಟ ಮಗಳಿಗೆ: ಆ ಪುಟ್ಟ ಮಾತ್ರೆ ಯಾಕೆ?

ಪುಟ್ಟಿ,

"ನನಗೆ ರಕ್ತವೇ ಕಡಿಮೆ, ಮತ್ತೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಮಾತ್ರೆ ಯಾಕಮ್ಮ?" ಅಂತ ಕೇಳಿದೆಯಲ್ಲ, ಒಳ್ಳೆಯ ಪ್ರಶ್ನೆ. ಇನ್ನು ಮೇಲೆ ಆ ಆಸ್ಪಿರಿನ್ ಮಾತ್ರೆ ನಿನ್ನ ಕೈಯಲ್ಲೇ ಇರುತ್ತದೆ. ಹಾಗಾಗಿ ಬಿಡಿಸಿ ಬರೆಯುತ್ತಿದ್ದೇನೆ.

ನಿನಗಿರುವುದು ಬೀಟಾ ಥಲಸ್ಸೀಮಿಯಾ ಇಂಟರ್‌ಮೀಡಿಯಾ, ಅಂದರೆ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯ ಮಧ್ಯಮ ಬಗೆ. ಹಿಮೋಗ್ಲೋಬಿನ್ನಿನಲ್ಲಿ ಆಲ್ಫಾ, ಬೀಟಾ ಅಂತ ಎರಡು ಬಗೆಯ ಪ್ರೋಟೀನ್ ಸರಪಳಿಗಳಿರುತ್ತವೆ. ನಿನ್ನಲ್ಲಿ ಬೀಟಾ ಸಾಕಷ್ಟು ತಯಾರಾಗುವುದಿಲ್ಲ. ಜೋಡಿ ಸಿಗದ ಆಲ್ಫಾ ಕೆಂಪು ಕಣದೊಳಗೇ ಗಂಟು ಕಟ್ಟಿಕೊಂಡು ಅದರ ಪೊರೆಯನ್ನು ಕೆಡಿಸುತ್ತದೆ. ಆಗ ಪೊರೆಯ ಒಳಮೈಯಲ್ಲಿರಬೇಕಾದ ಫಾಸ್ಫಟಿಡೈಲ್‌ಸೀರಿನ್ ಎಂಬ ಕೊಬ್ಬು ಹೊರಮೈಗೆ ಬಂದುಬಿಡುತ್ತದೆ. ರಕ್ತ ಹೆಪ್ಪುಗಟ್ಟುವ ಕೆಲಸ ಶುರುವಾಗಲು ಇಂಥ ಜಾಗವೇ ಬೇಕು. ನಿನ್ನಲ್ಲಿ ಗಾಯವೇ ಆಗದಿದ್ದರೂ ಆ ಜಾಗ ಸಿದ್ಧವಿರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳೂ ಸುಮ್ಮನಿರುವುದಿಲ್ಲ, ಅಂಟಿಕೊಳ್ಳಲು ಕಾಯುತ್ತಿರುತ್ತವೆ.

ಕೆಟ್ಟ ಕಣಗಳನ್ನು ಸೋಸುವುದು ಸ್ಪ್ಲೀನಿನ (ಗುಲ್ಮದ) ಕೆಲಸ. ಅದು ಊದಿಕೊಂಡಿತು ಅಂತ ಆಪರೇಷನ್ ಮಾಡಿ ತೆಗೆದರಲ್ವಾ? ಆಮೇಲೆ ಹಿಮೋಗ್ಲೋಬಿನ್ ಏರಿತು, ನಿನಗೆ ಊಟ ಸೇರಿತು. ಆದರೆ ಆ ಕಣಗಳು ಈಗ ರಕ್ತದಲ್ಲೇ ಜಾಸ್ತಿ ಹೊತ್ತು ಸುತ್ತುತ್ತವೆ. ಪ್ಲೇಟ್‌ಲೆಟ್ ಸಾಮಾನ್ಯವಾಗಿ 1.5ರಿಂದ 4.5 ಲಕ್ಷ ಇರುತ್ತದೆ. ನಿನ್ನದು 5 ಲಕ್ಷ ದಾಟಿಯೇ ನಿಂತಿದೆ. ಡಾಕ್ಟರು ಸಣ್ಣ ಡೋಸಿನ ಆಸ್ಪಿರಿನ್ ಕೊಟ್ಟಿರುವುದು ಇದಕ್ಕೇ.

ಇನ್ನೊಂದು ವಿಷಯ. ಮೆಡಿಟರೇನಿಯನ್ ದೇಶಗಳು ಮತ್ತು ಇರಾನಿನ 8,860 ಥಲಸ್ಸೀಮಿಯಾ ರೋಗಿಗಳ ಬಗ್ಗೆ 2006ರಲ್ಲಿ ಒಂದು ಅಧ್ಯಯನ ಬಂತು. ಹೆಪ್ಪುಗಟ್ಟುವ ತೊಂದರೆ ಮೇಜರ್ (ಇದೇ ಕಾಯಿಲೆಯ ತೀವ್ರ ಬಗೆ) ಇದ್ದವರಿಗಿಂತ ಇಂಟರ್‌ಮೀಡಿಯಾ ಇದ್ದವರಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ಕಂಡಿತು. ಮೇಜರ್ ಮಕ್ಕಳಿಗೆ ತಪ್ಪದೆ ರಕ್ತ ಹಾಕಿಸುತ್ತಾರೆ. ಅದರಿಂದ ಒಳ್ಳೆಯ ಕಣ ಸಿಗುತ್ತದೆ, ಮೈ ತಾನೇ ಕೆಟ್ಟ ಕಣ ಮಾಡುವುದೂ ತಗ್ಗುತ್ತದೆ. ಮುಂದೆ ಡಾಕ್ಟರು ನಿನಗೂ ರಕ್ತ ಹಾಕಿಸೋಣ ಅಂದರೆ, "ನಾನು ಚೆನ್ನಾಗೇ ಇದ್ದೀನಿ" ಅಂತ ಹಟ ಮಾಡಬೇಡ, ಕಂದಾ.

ಜ್ವರ ಬಂದರೆ ಒಂದು ರಾತ್ರಿಯೂ ಕಾಯಬೇಡ. ಸ್ಪ್ಲೀನ್ ಇಲ್ಲದವರಿಗೆ ಸೋಂಕು ಬೇಗ ಏರುತ್ತದೆ. ಡೆಂಗ್ಯೂ ಆಗಿದ್ದರಂತೂ ಆಸ್ಪಿರಿನ್‌ನಿಂದ ರಕ್ತಸ್ರಾವವಾಗುವ ಭಯ. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ್ದು ಇವೆರಡೇ: ಸ್ಪ್ಲೀನ್ ತೆಗೆದಿದ್ದಾರೆ, ಆಸ್ಪಿರಿನ್ ತಗೊಳ್ತಿದ್ದೇನೆ. ಒಂದೇ ಕಾಲು ಊದಿ ನೋವಾದರೆ, ಎದೆನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಮಾತು ತೊದಲಿದರೆ ವಾರ್ಡನ್ ಅವರನ್ನು ಎಬ್ಬಿಸು. ಎಷ್ಟು ಹೊತ್ತಾದರೂ ಸರಿ, ಸಂಕೋಚ ಬೇಡ.

ಹಬ್ಬ, ಮದುವೆ ಅಂತ ಮುಟ್ಟು ಮುಂದೂಡುವ ಮಾತ್ರೆಯನ್ನು ಗೆಳತಿಯರು ಕೊಟ್ಟಾರು. ಡಾಕ್ಟರನ್ನು ಕೇಳದೆ ನುಂಗಬೇಡ. ಹಾರ್ಮೋನ್ ಮಾತ್ರೆಗಳಿಂದ ಹೆಪ್ಪುಗಟ್ಟುವ ಅಪಾಯ ಇನ್ನೂ ಏರಬಹುದು. ನೀನು ಮುಟ್ಟಾದರೆ ಆಗು, ಹಬ್ಬ ನಿಲ್ಲುವುದಿಲ್ಲ. ಅಜ್ಜಿ ಏನಾದರೂ ಅಂದರೆ ನಾನು ಮಾತಾಡುತ್ತೇನೆ.

ನಿನ್ನ ಅಮ್ಮ