ಇಳಿಯದೆ ವಾಪಸ್ ಬಂದ ದಿನಕ್ಕೂ ಸೇರಿಸಿ

ಹೋದ ತಿಂಗಳು ಪಪುವಾ ನ್ಯೂಗಿನಿಯ ಬೆಟ್ಟದ ಹಳ್ಳಿಯೊಂದರಲ್ಲಿ ಮೊದಲ ಸಲ ಒಬ್ಬಳೇ ವಿಮಾನ ಇಳಿಸಿದೆ. ಹಿಂದೆ ಉಪ್ಪು, ಸೋಪು, ಔಷಧಿ ಡಬ್ಬಗಳು. ಪಕ್ಕದ ಸೀಟು ಖಾಲಿ. ಇಷ್ಟು ದಿನ ಅಲ್ಲಿ ಮೇಷ್ಟ್ರು ಕೂರುತ್ತಿದ್ದರು.

ಈಗ ರಜೆಗೆ ಬೆಂಗಳೂರಿಗೆ ಬಂದಿದ್ದೇನೆ. ಥ್ಯಾಂಕ್ಸ್ ಹೇಳದೆ ವಾಪಸ್ ಹೋದರೆ ಅಮ್ಮ ಬಿಡುವುದಿಲ್ಲ.

ಮೇಷ್ಟ್ರು ಆ ಬೆಟ್ಟಗಳಲ್ಲೇ ಕೂದಲು ಬೆಳ್ಳಗಾದವರು. ಈಗ ಕ್ರೈಸ್ತ ಮಿಷನ್‌ನ ವಿಮಾನ ಹಾರಿಸಲು ಬರುವ ನಮ್ಮಂಥ ಎಳಸುಗಳಿಗೆ ಕಲಿಸುತ್ತಾರೆ. ಅಲ್ಲಿನ ಎಷ್ಟೋ ರನ್‌ವೇಗಳು ಇಳಿಜಾರಿನ ಹುಲ್ಲುಪಟ್ಟಿಗಳು. ಇಳಿಯುವುದು ಏರಿನ ಕಡೆಗೆ, ಹಾರುವುದು ಇಳಿಜಾರಿನ ಕಡೆಗೆ. ಎದುರಿಗೆ ಗುಡ್ಡ. ಒಂದು ಜಾಗ ದಾಟಿದಿರೋ, ಮತ್ತೆ ಮೇಲೆತ್ತಿ ಸುತ್ತು ಹಾಕಲು ಆಗುವುದೇ ಇಲ್ಲ. ಆ ಜಾಗಕ್ಕೆ ಒಂದು ಮರವನ್ನೋ ಹೊಳೆಯನ್ನೋ ಗುರುತಿಟ್ಟುಕೊಳ್ಳಬೇಕು. ಅಲ್ಲಿಗೆ ಬರುವ ಹೊತ್ತಿಗೆ ವೇಗ, ಎತ್ತರ, ಗಾಳಿ ಯಾವುದು ಸರಿಯಿಲ್ಲದಿದ್ದರೂ ವಾಪಸ್.

ಮೊದಲ ಪರೀಕ್ಷೆಯಲ್ಲಿ ನಾನು ಫೇಲ್. ವೇಗ ಜಾಸ್ತಿ ಇತ್ತು, ಹಟ ಮಾಡಿದೆ. ಮೇಷ್ಟ್ರು ಸುಮ್ನೆ ಕಂಟ್ರೋಲ್ ತೆಗೆದುಕೊಂಡರು. ಸಂಜೆ ಲೆಕ್ಕ ಮಾಡಿಸಿದರು. ವೇಗ 10 ಪರ್ಸೆಂಟ್ ಹೆಚ್ಚಾದರೆ ನಿಲ್ಲಲು ಬೇಕಾದ ದೂರ ಸುಮಾರು 20 ಪರ್ಸೆಂಟ್ ಹೆಚ್ಚು. ಆಮೇಲೆ ನಾನು ಹಾರಲು ಕಲಿತ, ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನ ಲೆಕ್ಕ. ಅದು ಸುಮಾರು 3,000 ಅಡಿ ಎತ್ತರದಲ್ಲಿದೆ, ಅಲ್ವಾ? ಏಪ್ರಿಲ್‌ನಲ್ಲಿ 34 ಡಿಗ್ರಿ ಬಿಸಿಲಿದ್ದರೆ ಅಲ್ಲಿನ ಗಾಳಿ ಸುಮಾರು 6,000 ಅಡಿಯ ಗಾಳಿಯಷ್ಟು ತೆಳು. ಗಾಳಿ ತೆಳುವಾದಷ್ಟೂ ಏರಲು, ಇಳಿಯಲು ಹೆಚ್ಚು ದೂರ ಬೇಕು. ನಮ್ಮೂರಿನ ಗಾಳಿಯ ವಿಷಯ ನನಗೆ ಅರ್ಥವಾಗಿದ್ದು ಅಷ್ಟು ದೂರ ಹೋದ ಮೇಲೆ!

ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಅಂದ ನೆಂಟರಿಗೂ ಒಂದು ಮಾತು. ಕ್ರೈಸ್ತ ಸೇವೆಗೆ ವಿಮಾನ ಹಾರಿಸುವ ಸಂಸ್ಥೆ ಮಿಷನ್ ಏವಿಯೇಷನ್ ಫೆಲೋಶಿಪ್‌ನ ಮೊದಲ ಹಾರಾಟ 1946ರಲ್ಲಿ. ಪೈಲಟ್ ಬೆಟ್ಟಿ ಗ್ರೀನ್, ಹೆಣ್ಣುಮಗಳೇ.

ಪ್ರತಿ ತಿಂಗಳು ದುಡ್ಡು ಕೂಡಿಸಿ ಕಳಿಸಿದ ನಮ್ಮ ಚರ್ಚ್‌ನ ಅಕ್ಕಂದಿರಿಗೆ, ಎಣ್ಣೆ ಕೈಯಲ್ಲೇ ಎಂಜಿನ್ ಬಿಚ್ಚಿ ತೋರಿಸಿದ ಜಕ್ಕೂರಿನ ಮೆಕ್ಯಾನಿಕ್ ಅಂಕಲ್‌ಗೆ, ಫೇಲ್ ಆದ ರಾತ್ರಿ ಫೋನ್ ಇಡದೆ ಕೂತಿದ್ದ ಅಮ್ಮನಿಗೆ ವಂದನೆ.

ಒಬ್ಬಳೇ ಹೊರಟ ಎರಡನೇ ಸಲ ಕಣಿವೆ ತುಂಬ ಮೋಡ. ಕೆಳಗೆ ಜನ ಕಾಯುತ್ತಿದ್ದರು. ತಿರುಗಿಸಿಕೊಂಡು ಬಂದೆ. ಮೇಷ್ಟ್ರು ಏನೂ ಕೇಳದೆ ಟೀ ಬಗ್ಗಿಸಿ ಕೊಟ್ಟರು. ಅಜ್ಜಿ ಮಾತ್ರ ಕಥೆ ಕೇಳಿ, "ಇಳಿಯದೇ ಬಂದೆಯಾ? ಪೆಟ್ರೋಲ್ ದುಡ್ಡು ಯಾರದ್ದು?" ಅಂದರು. ನಿಮ್ಮದೂ ಇದೆ ಅಜ್ಜಿ, ತಿಂಗಳಿಗೆ ಇನ್ನೂರು ರೂಪಾಯಿ.