ಮಾರೂ ರೇಟು ಮೊದಲ ಕೇಳು

ಹುಬ್ಬಳ್ಳಿ

ಚಿ. ಪ್ರವೀಣಗ ಕಾಕಾ ಮಾಡೂ ಆಶೀರ್ವಾದಗಳು.

ನೀ ಕಳಿಸಿದ ಫೋಟೋ ನೋಡಿದೆ. ಲಗ್ನಕ್ಕ ಆರು ಲಕ್ಷದ ಸ್ವಿಸ್ ವಾಚು ತಗೋಬೇಕಂತ ಮಾಡೀದಿ, "ಬಂಗಾರ ಇದ್ದಂಗ, ಯಾವಾಗ ಮಾರಿದ್ರೂ ರೊಕ್ಕ ಬರತೈತಿ" ಅಂತ ಅಂಗಡಿಯವ ಹೇಳ್ಯಾನ. ಕೈಗೆ ಕಟ್ಟಿಕೊಳ್ಳೂ ಆಸೆ ಇದ್ರ ತಗೋ, ಅದಕ್ಕ ನನ್ನ ತಕರಾರಿಲ್ಲ. ರೊಕ್ಕ ಬೆಳೀತೈತಿ ಅಂತ ತಗೋತಿದ್ರ ಒಂದು ಕೆಲಸ ಮಾಡು. ಅದೇ ಅಂಗಡ್ಯಾಗ, "ಇದನ್ನ ಆರು ತಿಂಗಳಾದ ಮ್ಯಾಲ ನಿಮಗ ತಿರುಗಿ ತಂದ್ರ ಎಷ್ಟು ಕೊಡ್ತೀರಿ? ಬರದು ಕೊಡ್ರಿ" ಅಂತ ಕೇಳು. ಬಂಗಾರದ ಅಂಗಡಿಯವ ಈ ಪ್ರಶ್ನೆಗೆ ತಡಾ ಮಾಡದ ಉತ್ತರ ಕೊಡತಾನ. ವಾಚಿನವ ಮಾತು ಬದಲಸತಾನ.

ಯಾಕ ಅನ್ನೂದು ಬಿಲ್ಲಿನಾಗೇ ಐತಿ. ಆರು ಲಕ್ಷದಾಗ ಶೇ. 18ರ ಜಿಎಸ್‌ಟಿ ಅಂದ್ರ 91,525 ರೂಪಾಯಿ. ನಿನ್ನ ಕಡೆಯಿಂದ ತಗೊಳ್ಳಾವ ಅದನ್ನ ನಿನಗ ತುಂಬಿಕೊಡೂದಿಲ್ಲ. ಉಳಿದ 5,08,475ರಾಗ ಅಂಗಡಿಯವನ ಲಾಭ, ಶೋರೂಮಿನ ಬಾಡಿಗಿ, ಜಾಹೀರಾತು, ಆಮದು ಸುಂಕ ಎಲ್ಲಾ ಕೂಡೇತಿ. ಸುಂಕ ಭಾಳ ವರ್ಷ ಶೇ. 20 ಇತ್ತು, ಅದರ ಮ್ಯಾಲಿನ ಸರ್ಚಾರ್ಜ್ ಹಿಡಿದು 22. ಅಂದ್ರ ಬಂದರಿಗೆ 100 ರೂಪಾಯಿಗೆ ಬಂದ ವಾಚು, ಸುಂಕ ಹತ್ತಿ 122, ಅದರ ಮ್ಯಾಲ ಜಿಎಸ್‌ಟಿ ಹತ್ತಿ ಸುಮಾರು 144. ಅಂಗಡಿಯ ಲಾಭ ಇನ್ನೂ ಬ್ಯಾರೆ. ಈ ತೆರಿಗಿ, ಲಾಭ ಎಲ್ಲಾ ಮೊದಲನೇ ಮಾಲಕನ ತಲಿ ಮ್ಯಾಲ ಬೀಳತೈತಿ.

ಇನ್ನೊಂದು ಮಾತು. ಸ್ವಿಟ್ಜರ್ಲೆಂಡ್ ಇರೂ ಎಫ್ಟಾ ಅನ್ನೂ ಯುರೋಪಿನ ನಾಕು ದೇಶಗಳ ಕೂಟದ ಜೋಡಿ ನಮ್ಮ ದೇಶ 2024ರ ಮಾರ್ಚ್‌ನಾಗ ವ್ಯಾಪಾರ ಒಪ್ಪಂದ ಮಾಡಿಕೊಂಡು, ಅದು 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಸ್ವಿಸ್ ವಾಚಿನ ಸುಂಕ ಹಂತ ಹಂತವಾಗಿ ಇಳಿಯೂದೈತಿ. ಕಂಪನಿಯವರು ಆ ಉಳಿತಾಯ ಗಿರಾಕಿಗೆ ಪೂರಾ ಬಿಡ್ತಾರಂತ ಹೇಳಾಕ ಬರೂದಿಲ್ಲ, ಆದ್ರ ಹೊಸಾ ಮಾಲಿನ ರೇಟು ನಿಂತ್ರ ಅಥವಾ ಇಳದ್ರ ಹಳೇ ಮಾಲಿನ ರೇಟು ಅದಕ್ಕಿಂತ ಮೊದಲ ಬೀಳತೈತಿ.

ಅಂತರಜಾಲದಾಗ ಬ್ಯಾರೆ ದೇಶದ ಜಾಹೀರಾತು ನೋಡಿ ಲೆಕ್ಕ ಹಾಕಬ್ಯಾಡ. ಅಲ್ಲಿ ಬರದಿರೂದು ಮಾರಾವನ ಆಸೆ. ಬ್ಯಾಡಗಿ ಪೇಟ್ಯಾಗ ಮೆಣಸಿನಕಾಯಿ ಚೀಲ ತಂದಾವ ಮನಸಿನ್ಯಾಗ ಒಂದು ರೇಟು ಇಟ್ಟುಕೊಂಡಿರತಾನ, ಟೆಂಡರ್‌ನಾಗ ಬೀಳೂ ರೇಟು ಬ್ಯಾರೆ ಇರತೈತಿ, ಇದೂ ಹಂಗ. ಮಾರಾಟ ಆಗಿ ಹೋದ ರೇಟು ಹುಡುಕು, ಅದೂ ನಮ್ಮ ದೇಶದ್ದು.

ಅದರಾಗೂ ಎರಡು ರೇಟು ಇರತಾವು. ತಿಳೀಲಿ ಅಂತ ಒಂದು ಅಂಕಿ ಹಿಡಿಯೋಣ: ನಿನ್ನ ವಾಚು ಹಳೇ ಮಾಲಾಗಿ ಕಡೀ ಗಿರಾಕಿಗೆ ನಾಕು ಲಕ್ಷಕ್ಕ ಹೋಗತೈತಿ ಅನ್ನು. ವ್ಯಾಪಾರಿ ನಿನಗ ಕೈಗೆ ಕೈ ರೊಕ್ಕ ಕೊಡೂದಾದ್ರ ಮೂರು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು ಮಾತಾಡತಾನ. ಅವ ಸರ್ವಿಸ್ ಮಾಡಸಬೇಕು, ತನ್ನ ಕಡೆಯಿಂದ ಒಂದು ವರ್ಷದ ಗ್ಯಾರಂಟಿ ಕೊಡಬೇಕು, ತನ್ನ ಲಾಭದ ಮ್ಯಾಲ ಜಿಎಸ್‌ಟಿ ಕಟ್ಟಬೇಕು, ಬಂಡವಾಳ ತಿಂಗಳಗಟ್ಟಲೆ ಸಿಗಿಬೀಳತೈತಿ. ಅವನ ಅಂಗಡ್ಯಾಗ ಇಟ್ಟು, ಮಾರಾಟ ಆದ ಮ್ಯಾಲ ಕಮಿಷನ್ ಕೊಡೂ ಪದ್ಧತಿ ಇನ್ನೊಂದು. ಹತ್ತು ಪರ್ಸೆಂಟ್ ಹಿಡದ್ರ ನಿನಗ 3,60,000 ಬರತೈತಿ, ಆದ್ರ ಯಾವಾಗ ಬರತೈತಿ ಅನ್ನೂದು ಯಾರ ಕೈಯಾಗೂ ಇಲ್ಲ. ಇಡೂದಾದ್ರ ಕನಿಷ್ಠ ರೇಟು, ಗಡುವು, ವಾಚಿಗೆ ಏನಾದ್ರೂ ಆದ್ರ ಯಾರ ಹೊಣಿ, ಮೂರನ್ನೂ ಬರಸಿಕೋ. ಹುಬ್ಬಳ್ಳಿ-ಧಾರವಾಡದಾಗ ಇಂಥಾ ಮಾಲಿಗೆ ಗಿರಾಕಿ ಕಡಿಮಿ. ಕೊನೀಗೆ ಬೆಂಗಳೂರು ಇಲ್ಲಾ ಮುಂಬೈ ಕಡೆನೇ ಹೋಗಬೇಕು.

ಹಂಗಾದ್ರ ರೇಟು ಉಳಿಯೂ ವಾಚೇ ಇಲ್ಲೇನು ಅಂತ ಕೇಳತಿ. ಅದಾವು, ಬೆರಳೆಣಿಕಿಯಷ್ಟು. ರೋಲೆಕ್ಸ್‌ನ ಸ್ಟೀಲಿನ ಸಬ್‌ಮರೀನರ್, ಡೇಟೋನಾ. ಪಾಟೆಕ್ ಫಿಲಿಪ್‌ನ ನಾಟಿಲಸ್. ಔಡಮಾರ್ ಪಿಗೆಯ ರಾಯಲ್ ಓಕ್. ಬೇಡಿಕಿಗಿಂತ ಕಡಿಮಿ ಮಾಲು ಬಿಡತಾರ, ಅದಕ್ಕ ಅಂಗಡ್ಯಾಗ ಸರತಿ. ಆದ್ರ ಇವೂ ಏರಿದ್ದು ಏರಿದಂಗ ಇರೂದಿಲ್ಲ. ನಾಟಿಲಸ್ 5711 ಬಂದ್ ಮಾಡತೀವಿ ಅಂತ ಕಂಪನಿ 2021ರಾಗ ಹೇಳಿತು. ಅದೇ ಡಿಸೆಂಬರ್‌ನಾಗ ಟಿಫನಿ ಅನ್ನೂ ಆಭರಣ ಕಂಪನಿಯ ನೀಲಿ ಬಣ್ಣದ ಡಯಲ್ಲಿನ ಒಂದು ಪೀಸು ನ್ಯೂಯಾರ್ಕ್ ಹರಾಜಿನ್ಯಾಗ 65 ಲಕ್ಷ ಡಾಲರ್ ಮುಟ್ಟಿತು. ಆ ಸುದ್ದಿ ಓದಿ 2022ರ ಶುರುವಿನ್ಯಾಗ ಸಾದಾ ಪೀಸು ತಗೊಂಡವರಿಗೆ, ಆ ವಸಂತದಿಂದಲೇ ಬಜಾರು ಇಳಿಯೂದು ಕಾಣಿಸಿತು. ಅಂಗಡಿ ರೇಟಿಗೆ ತಗೊಂಡವ ಉಳದ, ಅದಕ್ಕಿಂತ ಮ್ಯಾಲಿನ ರೇಟಿಗೆ ತಗೊಂಡವ ಸಿಕ್ಕಿಬಿದ್ದ.

ಅಂಗಡಿ ರೇಟಿಗೆ ಸಿಗೂದರಾಗೂ ಒಂದು ಕೊಕ್ಕಿ ಐತಿ. ಕೆಲವು ಅಂಗಡಿಗಳು, ಮೊದಲ ಬ್ಯಾರೆ ನಾಕು ಸಾಮಾನು ತಗೋ, ಆಮ್ಯಾಲ ನಿನ್ನ ಹೆಸರು ಮುಂದ ಹಾಕತೀವಿ ಅಂತ ಬಾಯಿಲೆ ಹೇಳತಾರ. ಐದು ಲಕ್ಷದ ಬ್ಯಾಡಾದ ವಾಚು ತಗೊಂಡು, ಅದನ್ನ ಮೂರಕ್ಕ ಮಾರಿದ್ರ, ಬೇಕಾದ ವಾಚಿನ ಖರೇ ರೇಟಿಗೆ ಎರಡು ಲಕ್ಷ ಕೂಡಸಬೇಕು. ಹಂಗ ಕೂಡಸಿದ ಮ್ಯಾಲ ಭಾಳ ಸಲ ಹಳೇ ಬಜಾರಿನ ರೇಟೇ ಸೋವಿ ಅನಸತೈತಿ.

ಹೆಚ್ಚು ಬೀಳೂವು ಯಾವು? ಬಟ್ಟಿ, ಚೀಲ ಮಾರೂ ಫ್ಯಾಶನ್ ಕಂಪನಿಯ ವಾಚು, ದೊಡ್ಡ ಹೆಸರಿನ ಕ್ವಾರ್ಟ್ಜ್ (ಸೆಲ್ಲಿನ ಮ್ಯಾಲ ಓಡೂ ವಾಚು), 45 ಮಿಲಿಮೀಟರ್ ದಾಟಿದ ದೊಡ್ಡ ಕೇಸಿನ (ಹೊರಕವಚದ) ವಾಚು, ಚಿನ್ನದ ಕೇಸಿಗೆ ಚರ್ಮದ ಪಟ್ಟಿ ಇರೂ ಡ್ರೆಸ್ ವಾಚು. ಹೊರಗ ಹರಳು ಕೂಡಿಸಿದ್ದಂತೂ ಮುಟ್ಟಬ್ಯಾಡ. ಕೇಸು ಕೊರದು ಹರಳು ಹಚ್ಚಿದ ವಾಚನ್ನ ರೋಲೆಕ್ಸ್‌ನವರು ಸರ್ವಿಸ್‌ಗೂ ತಗೊಳ್ಳೂದಿಲ್ಲ. ಹರಳಿನ ರೊಕ್ಕನೂ ಹೋತು, ವಾಚಿಂದೂ ಹೋತು.

ಬಂಗಾರದ ವಾಚಿಗೆ ಒಂದು ತಳ ಐತಿ, ಖರೇ. ಆದ್ರ ಅದು ನೀ ತಿಳಕೊಂಡಿದ್ದಕ್ಕಿಂತ ಭಾಳ ಕೆಳಗ ಐತಿ. ಸರಾಫ ವಾಚು ತೂಗೂದಿಲ್ಲ, ಬಂಗಾರ ತೂಗತಾನ. ಮಶೀನು, ಗ್ಲಾಸು, ಡಯಲ್ಲು ತಗದು ಕೇಸಿನ್ಯಾಗ 35 ಗ್ರಾಂ 18 ಕ್ಯಾರೆಟ್ ಉಳೀತು ಅನ್ನು. ಅದರಾಗ ಶುದ್ಧ ಬಂಗಾರ ಮುಕ್ಕಾಲು ಪಾಲು, 26.25 ಗ್ರಾಂ. ಅಷ್ಟಕ್ಕ, ಕರಗಸೂ ಸವಕಳಿ ಮುರಕೊಂಡು, ಅವ ರೇಟು ಕಟ್ಟತಾನ. ಒಳಗಿನ ಮಶೀನಿಗೆ ಅವನ ಲೆಕ್ಕದಾಗ ಕಿಮ್ಮತ್ತಿಲ್ಲ. 18 ಕ್ಯಾರೆಟ್ ಅಂತ ತೋರಸೂ 750 ಅನ್ನೂ ಮುದ್ರಿ ನೋಡು. 1995ರಿಂದ ಈಚಿನ ಸ್ವಿಸ್ ಚಿನ್ನದ ಕೇಸಿನ ಮ್ಯಾಲ ಸೇಂಟ್ ಬರ್ನಾರ್ಡ್ ನಾಯಿಯ ತಲಿ ಗುರುತು ಇರತೈತಿ. "20 ಮೈಕ್ರಾನ್" ಅಂತ ಬರದಿದ್ರ ಅದು ಮ್ಯಾಲಿನ ಬಂಗಾರದ ಲೇಪ ಅಷ್ಟ, ತಳದಾಗ ಬ್ಯಾರೆ ಲೋಹ.

ನನ್ನ ಸಲಹೆ ಕೇಳಿದ್ರ, ಮೊದಲನೇ ಇಳಿತ ಬ್ಯಾರೆಯವನ ಮ್ಯಾಲ ಬೀಳಲಿ. ಎರಡು ವರ್ಷದ ಹಳೇದು, ಡಬ್ಬಿ, ಗ್ಯಾರಂಟಿ ಕಾರ್ಡು, ಬಿಲ್ಲು ಮೂರೂ ಇರೂದು ಹುಡುಕು. ರೋಲೆಕ್ಸ್ 2015ರಿಂದ, ಒಮೆಗಾ 2018ರಿಂದ ಐದು ವರ್ಷದ ಗ್ಯಾರಂಟಿ ಕೊಡಾಕ ಹತ್ತ್ಯಾವು. ಅದು ಕಾರ್ಡಿನ ತಾರೀಖಿನಿಂದ ಎಣಿಕಿ, ಹಂಗಾಗಿ ಇನ್ನೂ ಮೂರು ವರ್ಷ ನಿನಗ ಉಳೀತೈತಿ.

ಹಳೇದು ನೋಡೂದು ಹೆಂಗ ಅಂತ ಸ್ವಲ್ಪ ಬಿಡಿಸಿ ಹೇಳತೀನಿ, ರೊಕ್ಕ ಉಳಿಯೂದು ಇಲ್ಲೇ. ಶೋರೂಮಿನ ದೀಪದ ಕೆಳಗ ನೋಡಬ್ಯಾಡ, ಕಿಡಕಿ ಹತ್ರ ಹಗಲ ಬೆಳಕಿಗೆ ಹಿಡಿ, ಹತ್ತು ಪಟ್ಟು ದೊಡ್ಡದು ಮಾಡೂ ಲೂಪ್ ಇರಲಿ. ಮೊದಲ ಕೇಸಿಗೆ ಚೈನು ಕೂಡೂ ನಾಕು ಮೂಲಿ ನೋಡು. ಗೆರಿಗೆರಿ ಇರೂ ಭಾಗ ಮುಗದು ಕನ್ನಡಿಯಂಗ ಹೊಳಿಯೂ ಭಾಗ ಶುರುವಾಗೂ ಅಂಚು ಚೂಪಗ ಇರಬೇಕು, ನಾಕೂ ಮೂಲಿ ಒಂದೇ ದಪ್ಪ ಇರಬೇಕು. ಅಂಚು ಸಾಬೂನು ಸವದಂಗ ಗುಂಡಾಗಿದ್ರ ಆ ವಾಚು ಎರಡ್ಮೂರು ಸಲ ಪಾಲಿಶ್ ಕಂಡೈತಿ. ಪಾಲಿಶ್ ಅಂದ್ರ ಲೋಹ ತಗಿಯೂದು, ಹೋದ ಲೋಹ ತಿರುಗಿ ಬರೂದಿಲ್ಲ. ಗೀರು ಬಿದ್ದ, ಪಾಲಿಶ್ ಆಗದ ವಾಚಿಗೇ ತಿಳದವರು ಹೆಚ್ಚು ರೊಕ್ಕ ಕೊಡತಾರ.

ಆಮ್ಯಾಲ ನಂಬರು. ಹಳೇ ರೋಲೆಕ್ಸ್‌ನಾಗ ಸೀರಿಯಲ್ ನಂಬರು ಆರರ ಕಡೆ ಮೂಲಿಗಳ ನಡುವ ಇರತೈತಿ, ಚೈನು ಬಿಚ್ಚಿದ್ರ ಮಾತ್ರ ಕಾಣತೈತಿ; ಈಚಿನವುಗಳಾಗ ಡಯಲ್ಲಿನ ಸುತ್ತಲಿನ ಒಳಬಳಿ ಮ್ಯಾಲ ಕೊರದಿರತಾರ. ಕಾರ್ಡಿನ ನಂಬರಿಗೆ ಅದು ಕೂಡಬೇಕು. ಕಾರ್ಡೂ ಖೋಟಾ ಬರತಾವು, ಅದಕ್ಕ ಹಿಂದಿನ ಮುಚ್ಚಳ ಬಿಚ್ಚಿಸಿ ಮಶೀನು ನೋಡದ ರೊಕ್ಕ ಕೊಡಬ್ಯಾಡ. ಸಬ್‌ಮರೀನರ್ ಡೇಟ್ 116610ರೊಳಗ 3135 ಮಶೀನು ಇರಬೇಕು, 126610ರೊಳಗ 3235. ಬಿಚ್ಚಾಕ ಒಪ್ಪದವನ ಕಡೆ ಎಷ್ಟು ಸೋವಿ ಇದ್ರೂ ಬ್ಯಾಡ.

ಮುಚ್ಚಳ ಬಿಚ್ಚಿದಾಗಲೇ ವಾಚಿನ ಓಟ ಅಳಿಯೂ ಟೈಮಿಂಗ್ ಮಶೀನಿನ ಮ್ಯಾಲ ಇಡಸು. ಪೂರಾ ಚಾವಿ ಕೊಟ್ಟು, ಡಯಲ್ಲು ಮ್ಯಾಲ ಮಾಡಿ ಇಟ್ಟಾಗ ಆಂಪ್ಲಿಟ್ಯೂಡ್ (ಒಳಗಿನ ಬ್ಯಾಲನ್ಸ್ ಗಾಲಿ ತೂಗೂ ಅಳತಿ) 270ರಿಂದ 310 ಡಿಗ್ರಿ ಇದ್ರ ಆರೋಗ್ಯ ಚಲೋ ಐತಿ. ನಿಲ್ಲಿಸಿ ಹಿಡದಾಗ ಸ್ವಲ್ಪ ಇಳೀತೈತಿ, ಅದು ಸಹಜ. ಪೂರಾ ಚಾವಿ ಇದ್ದೂ 220ರ ಕೆಳಗ ಬಂದ್ರ ಎಣ್ಣಿ ಒಣಗೇತಿ. ಸರ್ವಿಸ್ ಖರ್ಚು ರೇಟಿನ್ಯಾಗ ಮುರಕೋ. ಬೀಟ್ ಎರರ್, ಅಂದ್ರ ಟಿಕ್‌ಗೂ ಟಾಕ್‌ಗೂ ನಡುವಿನ ಅಂತರದ ಫರಕು, 0.5 ಮಿಲಿಸೆಕೆಂಡಿನ ಒಳಗ ಇರಲಿ. ವಾಚಿನ ಮಶೀನಿಗೆ ತಕ್ಕಂಗ ಟೈಮಿಂಗ್ ಮಶೀನಿನ್ಯಾಗ ತುಂಬೂ ಲಿಫ್ಟ್ ಆಂಗಲ್ ಅನ್ನೂ ಅಂಕಿ ಸರಿಯಾಗಿ ಹಾಕ್ಯಾರಿಲ್ಲೋ ನೋಡು: 3135ಕ್ಕ 52, ಒಮೆಗಾದ ಕೋ-ಆಕ್ಸಿಯಲ್ ಅನ್ನೂ ಮಶೀನು‌ಗಳಿಗೆ ಸಾಮಾನ್ಯವಾಗಿ 38. ತಪ್ಪು ಅಂಕಿ ಹಾಕಿದ್ರ ಸತ್ತ ಮಶೀನೂ ಗಟ್ಟಿ ಕಾಣತೈತಿ.

ದಿನಕ್ಕ ನಾಕೈದು ನಿಮಿಷ ಮುಂದ ಓಡತೈತಿ ಅಂದ್ರ ಭಾಳ ಸಲ ಅದು ಆಯಸ್ಕಾಂತದ ಕೆಲಸ. ಫೋನಿನ ಕವರು, ಸ್ಪೀಕರ್ ಹತ್ರ ಇಟ್ಟಾಗ ಒಳಗಿನ ಕೂದಲಿನಂಥ ಸಣ್ಣ ಸುರುಳಿ ಸ್ಪ್ರಿಂಗಿನ ಸುತ್ತು ಒಂದಕ್ಕೊಂದು ಅಂಟತಾವು. ಆ ಆಯಸ್ಕಾಂತ ತಗಿಯೂದು ಡಿಮ್ಯಾಗ್ನೆಟೈಜರ್ ಅನ್ನೂ ಸಾಧನದ ಮ್ಯಾಲ ನಿಮಿಷದ ಕೆಲಸ. ಇದನ್ನ ತಿಳೀದ ಹೆದರಿ ಮಾರಾವರ ಕಡೆ ಚಲೋ ಮಾಲು ಸಿಗತೈತಿ.

ಚೈನು ಅಡ್ಡ ಹಿಡದಾಗ ಹಗ್ಗದಂಗ ಜೋತು ಬಿದ್ರ ಪಿನ್ನುಗಳು ಸವದಾವು. ತಗದಿಟ್ಟ ಕೊಂಡಿ ಎಷ್ಟವ ಅಂತ ಎಣಿಸಿ ತಗೋ. ಆರೂವರಿ ಇಂಚಿನ ಕೈಗೆ ಕಡಿಸಿದ ಚೈನು ನಾಳೆ ಏಳೂವರಿ ಇಂಚಿನ ಗಿರಾಕಿಗೆ ಬರೂದಿಲ್ಲ, ಕಂಪನಿ ಕೊಂಡಿ ಸೋವಿ ಅಲ್ಲ. 1998ರ ಹಿಂದಿನ ರೋಲೆಕ್ಸ್ ಆದ್ರ ಕತ್ತಲದಾಗ ಟಾರ್ಚ್ ಬಿಟ್ಟು ನೋಡು. ಆಗಿನ ಹೊಳಿಯೂ ಬಣ್ಣದಾಗಿನ ಟ್ರಿಟಿಯಂ ಹನ್ನೆರಡು ವರ್ಷಕ್ಕ ಅರ್ಧಾ ಸಾಯತೈತಿ, ಈಗ ಜೋರಾಗಿ ಹೊಳೀಬಾರದು. ಮುಳ್ಳು ಝಗ್ ಅಂತ ಹೊಳದು ಡಯಲ್ಲಿನ ಗುರುತು ಹೊಳೀದಿದ್ರ ಮುಳ್ಳು ಬದಲಿ ಆಗಿರಬೇಕು.

ಡಯಲ್ಲಿನ ಮಾತು ಬಂತಂತ ಎಚ್‌ಎಂಟಿದೂ ಹೇಳಿಬಿಡ್ತೀನಿ, ನಿನ್ನ ಗೆಳ್ಯಾರು ಅದರ ಬೆನ್ನು ಹತ್ತ್ಯಾರಂತ ಬರದಿದ್ದಿ. ಸರಕಾರ 2016ರಾಗ ಎಚ್‌ಎಂಟಿ ವಾಚ್ ಕಂಪನಿ ಮುಚ್ಚೂ ನಿರ್ಧಾರ ಮಾಡಿದ ಮ್ಯಾಲ ಜನತಾ, ಪೈಲಟ್‌ಗೆ ರೇಟು ಬಂತು, ಜೋಡಿಗೆ ಬಣ್ಣ ಬಳದ ಡಯಲ್ಲೂ ಬಂದವು. ಕಡುಹಸರು, ಕೇಸರಿ ಡಯಲ್ಲಿನ ಹೊಚ್ಚ ಹೊಸಾ ಜನತಾ ಕಂಡ್ರ ನಕ್ಕು ಮುಂದ ಹೋಗು. ಅಕ್ಷರದ ಅಂಚು ಹರದಿದ್ರ ಅದು ಗಲ್ಲಿಯಾಗ ಮರುಮುದ್ರಣ ಆದದ್ದು.

ತಗೊಂಡ ಮ್ಯಾಲ ನೀ ಮಾಡೂದಕ್ಕಿಂತ ಮಾಡಬಾರದ್ದು ಹೆಚ್ಚು. ಸರ್ವಿಸ್‌ಗೆ ಕೊಡೂವಾಗ "ಪಾಲಿಶ್ ಬ್ಯಾಡ, ಬದಲಿ ಮಾಡಿದ ಭಾಗ ತಿರುಗಿ ಕೊಡ್ರಿ" ಅಂತ ಜಾಬ್ ಕಾರ್ಡಿನ ಮ್ಯಾಲೇ ಬರಸು. ಕೆಲವು ಕಂಪನಿ ಹಳೇ ಭಾಗ ಕೊಡೂದಿಲ್ಲ, ಅದನ್ನ ಮೊದಲ ಕೇಳಿಕೋ. ರಾತ್ರಿ ಒಂಬತ್ತರಿಂದ ಮುಂಜಾನೆ ಮೂರರ ನಡುವ ಮುಳ್ಳು ಇದ್ದಾಗ ತಾರೀಖು ಬದಲಸಬ್ಯಾಡ, ಒಳಗಿನ ಗಾಲಿ ಹಲ್ಲು ಮುರೀಬಹುದು. ನಮ್ಮ ಬ್ಯಾಸಗಿ ಬೆವರು, ಧೂಳು ಚೈನಿನ ಸಂದಿಯೊಳಗ ಕೂಡಿ ಅರದಂಗ ಅರೀತೈತಿ. ಬಾಜೂಕಿನ ಚಾವಿ ಗುಂಡಿ ಬಿಗಿ ಐತೇನಂತ ನೋಡಿ, ವಾರಕ್ಕೊಮ್ಮೆ ಹಸಿ ಬಟ್ಟಿಲೆ ಒರಸು. ಒಳಗಿನ ರಬ್ಬರ್ ವಾಶರ್ ವರ್ಷ ಕಳದಂಗ ಗಡಸಾಗತಾವು, ಈಜೂದಾದ್ರ ವರ್ಷಕ್ಕೊಮ್ಮೆ ನೀರಿನ ಪ್ರೆಶರ್ ಪರೀಕ್ಷೆ ಮಾಡಸು.

ಕಾಗದದ ಮಾತು. ಬಿಲ್ಲು ನಿನ್ನ ಹೆಸರಿನ್ಯಾಗ ಇರಲಿ, ರೊಕ್ಕ ಬ್ಯಾಂಕಿನಿಂದ ಹೋಗಲಿ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೂದಕ್ಕ ಕಾಯ್ದೆಯ ಅಡ್ಡಿ ಐತಿ, ನಾಳೆ ನೀ ಮಾರೂವಾಗೂ ಅದು ನಿನಗ ಹತ್ತತೈತಿ. 2025ರ ಏಪ್ರಿಲ್ 22ರಿಂದ ಹತ್ತು ಲಕ್ಷ ದಾಟಿದ ವಾಚಿಗೆ ಅಂಗಡಿಯವ ಶೇ. 1 ಟಿಸಿಎಸ್ (ಮಾರೂವಾಗಲೇ ವಸೂಲ ಮಾಡೂ ಆದಾಯ ತೆರಿಗಿ) ಹಿಡೀತಾನ. ಹನ್ನೆರಡು ಲಕ್ಷಕ್ಕ ಹನ್ನೆರಡು ಸಾವಿರ. ಅದು ಹೋದ ರೊಕ್ಕ ಅಲ್ಲ, ರಿಟರ್ನ್ ತುಂಬೂವಾಗ ಹೊಂದಸಿಕೋಬಹುದು. ದುಬೈದಿಂದ ಯಾರೋ ಕೈಗೆ ಕಟ್ಟಿಕೊಂಡು ತಂದದ್ದು ಅಂದ್ರ ಸುಂಕ ಕಟ್ಟಿದ ರಸೀದಿ ಕೇಳು. ರಸೀದಿ ಇಲ್ಲದ್ದನ್ನ ಚಲೋ ವ್ಯಾಪಾರಿ ಮುಟ್ಟೂದಿಲ್ಲ, ಮುಟ್ಟಿದವ ರೇಟು ಮುರದು ಕೇಳತಾನ.

ಮಾರೂ ದಿನ ಬಂದ್ರ, ಫೋಟೋದಾಗ ಸೀರಿಯಲ್ ನಂಬರಿನ ಕೊನೀ ಅಂಕಿ ಮುಚ್ಚು, ಅದನ್ನೇ ಎತ್ತಿ ಖೋಟಾ ಕಾರ್ಡು ಮಾಡಾವರದಾರ. ಗಿರಾಕಿನ್ನ ಮನಿಗೆ ಕರೀಬ್ಯಾಡ, ನಿನ್ನ ಬ್ಯಾಂಕಿನ ಶಾಖೆಗೆ ಕರಿ. ಅವನ ಫೋನಿನ ಪಾವತಿ ಚಿತ್ರ ನಂಬಬ್ಯಾಡ, ನಿನ್ನ ಖಾತ್ಯಾಗ ರೊಕ್ಕ ಕಂಡ ಮ್ಯಾಲ ಮುಟ್ಟಸು.

ಈಗ ನೀ ಮಾಡಬೇಕಾದ್ದು ಇಷ್ಟ: ಆ ಫೋಟೋದ ವಾಚಿನ ರೆಫರೆನ್ಸ್ (ಮಾಡೆಲ್) ನಂಬರು ಬರದು ಕಳಸು, ಅಂಗಡಿಯವ ತಿರುಗಿ ತಗೊಳ್ಳೂ ರೇಟು ಬರದು ಕೊಟ್ಟನೋ ಇಲ್ಲೋ ತಿಳಸು. ಅಲ್ಲೀತನಕ ಅಡ್ವಾನ್ಸ್ ಕೊಡಬ್ಯಾಡ. ಅಣ್ಣಗ, ವೈನಿಗೆ ನಮಸ್ಕಾರ ಹೇಳು.

ಇಂತಿ,
ನಿನ್ನ ಕಾಕಾ