ಮೂರನೇ ಸಾಲಿನಲ್ಲಿ ಕೂತು ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುಟದಲ್ಲಿ ದೊಡ್ಡ ಎಸ್‌ಯುವಿಗಳ ಹೋಲಿಕೆ ಬಂದಾಗಲೆಲ್ಲ ಸ್ಕ್ರೀನ್ ಎಷ್ಟು ದೊಡ್ಡದು, ಸನ್‌ರೂಫ್ ಇದೆಯಾ ಅನ್ನುವುದಕ್ಕೇ ಅರ್ಧ ಜಾಗ ಹೋಗುತ್ತದೆ. ಏಳು ಜನ ಕೂತಾಗ ಗಾಡಿ ಹೇಗೆ ಓಡುತ್ತದೆ ಅನ್ನುವುದು ಎರಡೇ ಸಾಲಿನಲ್ಲಿ ಮುಗಿಯುತ್ತದೆ. ಮನೆಮಂದಿಗೆ ಬೇಕಾಗಿರುವುದು ಅದೇ ಅಲ್ವಾ?

ಮಹೀಂದ್ರಾದ ಎಕ್ಸ್‌ಯುವಿ700 ಮತ್ತು ಸ್ಕಾರ್ಪಿಯೊ-ಎನ್ ತೆಗೆದುಕೊಳ್ಳಿ. ಮೊದಲನೆಯದು ಬಂದದ್ದು 2021ರಲ್ಲಿ, ಎರಡನೆಯದು 2022ರಲ್ಲಿ. ಎರಡಕ್ಕೂ ವೀಲ್‌ಬೇಸ್ (ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ಅಂತರ) 2,750 ಮಿ.ಮೀ., ಎರಡರಲ್ಲೂ 2.2 ಲೀಟರ್ ಡೀಸೆಲ್ ಎಂಜಿನ್ ಸಿಗುತ್ತದೆ. ಅಂಕಿಗಳಲ್ಲಿ ಅಣ್ಣ-ತಮ್ಮ. ಓಡಿಸಿದರೆ ಮಾತ್ರ ಸಂಬಂಧವೇ ಇಲ್ಲ.

ಎಕ್ಸ್‌ಯುವಿ700 ಮಾನೊಕಾಕ್ ಗಾಡಿ, ಅಂದರೆ ಬಾಡಿ ಮತ್ತು ಚೌಕಟ್ಟು ಒಂದೇ; ಹಿಂದಿನ ಚಕ್ರಗಳಿಗೂ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದರೆ ಪ್ರತಿ ಚಕ್ರ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುತ್ತದೆ. ಒಂದು ಚಕ್ರ ಗುಂಡಿಗೆ ಇಳಿದರೆ ಪಕ್ಕದ ಚಕ್ರಕ್ಕೆ ಅದರ ಗೊಡವೆ ಕಡಿಮೆ. ಸ್ಕಾರ್ಪಿಯೊ-ಎನ್‌ನದು ಲ್ಯಾಡರ್ ಚಾಸಿ, ಅಂದರೆ ಏಣಿಯಂಥ ಗಟ್ಟಿ ಚೌಕಟ್ಟಿನ ಮೇಲೆ ಬಾಡಿ ಕೂರಿಸಿರುತ್ತಾರೆ; ಹಿಂದಿನ ಎರಡು ಚಕ್ರಗಳಿಗೂ ಸೇರಿ ಒಂದೇ ಗಟ್ಟಿ ಆಕ್ಸಲ್. ಒಂದು ಕಡೆ ಚಕ್ರ ಎದ್ದರೆ ಇಡೀ ಆಕ್ಸಲ್ ವಾಲುತ್ತದೆ, ಒಳಗೆ ಕೂತವರ ತಲೆ ಆ ಕಡೆ ಈ ಕಡೆ ತೂಗುತ್ತದೆ. ಆಕ್ಸಲ್ ಅಡ್ಡಕ್ಕೆ ಜಾರದಂತೆ ಹಿಡಿಯುವ ವಾಟ್ಸ್ ಲಿಂಕೇಜ್ ಎಂಬ ಸರಳುಗಳ ಜೋಡಣೆ ಇರುವುದರಿಂದ ಹಳೆಯ ಲ್ಯಾಡರ್ ಗಾಡಿಗಳಷ್ಟು ಕುಣಿಯುವುದಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ಎತ್ತರ 1,857 ಮಿ.ಮೀ., ಎಕ್ಸ್‌ಯುವಿ700ಗಿಂತ ಸುಮಾರು 10 ಸೆಂ.ಮೀ. ಜಾಸ್ತಿ, ಮೇಲೆ ತೂಕವೂ ಇರುವುದರಿಂದ ತಿರುವಿನಲ್ಲಿ ವಾಲುವುದು ಗೊತ್ತಾಗುತ್ತದೆ, ಲೇನ್ ಬದಲಿಸುವಾಗ ಒಂದು ಕ್ಷಣ ತಡೆದು ಹೋಗುವುದೇ ಒಳ್ಳೆಯದು.

ಕಿತ್ತುಹೋದ ರಸ್ತೆಯೇ ದಿನಾ ಗತಿ, ತೂಗಾಟಕ್ಕಿಂತ ಗಟ್ಟಿತನ ಮುಖ್ಯ ಅನ್ನುವವರು ಸ್ಕಾರ್ಪಿಯೊ-ಎನ್ ತೆಗೆದುಕೊಳ್ಳಲಿ. ಹೆದ್ದಾರಿ ಓಡಾಟ ಜಾಸ್ತಿ, ಜೊತೆಗೆ ಮಕ್ಕಳು, ವಯಸ್ಸಾದವರು ಇದ್ದರೆ ನನ್ನ ಮತ ಎಕ್ಸ್‌ಯುವಿ700ಗೆ.

ನನ್ನ ತಕರಾರು ಇಷ್ಟೇ. ಡ್ರೈವರ್ ಸೀಟು ಎರಡು ಆಕ್ಸಲ್‌ಗಳ ನಡುವೆ ಇರುತ್ತದೆ, ಅಲ್ಲಿ ಕುಲುಕು ಕಡಿಮೆ. ಮೂರನೇ ಸಾಲಿನ ಸೀಟು ಇರುವುದು ಹಿಂದಿನ ಆಕ್ಸಲ್ ಹತ್ತಿರವೇ, ಹಂಪ್‌ನ ಏಟು ನೇರವಾಗಿ ಸೊಂಟಕ್ಕೆ ಬರುತ್ತದೆ. ಒಬ್ಬರೇ ಓಡಿಸಿ ಬಂದು 'ಆರಾಮಾಗಿದೆ' ಎಂದು ಬರೆದರೆ ಹಿಂದೆ ಕೂರುವ ಅಜ್ಜಿಗೆ ಅದರಿಂದ ಏನು ಪ್ರಯೋಜನ? ಏಳೂ ಜನರನ್ನು ಕೂರಿಸಿ, ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಫುಲ್ ಲೋಡಿಗೆ ಎಷ್ಟು ಗಾಳಿ ಅಂತ ಇದೆಯೋ ಅಷ್ಟು ಹಾಕಿಸಿ, ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ಎರಡೂ ಗಾಡಿ ಓಡಿಸಿ. ವರದಿ ಬರೆಯುವವರು ಒಂದು ಸುತ್ತಾದರೂ ಹಿಂದೆ ಕೂರಲಿ.

ಇಂತಿ,
ನಿಮ್ಮ ಓದುಗ